ತಮ್ಮನ್ನ ಕಾಲೇಜಿಂದ ಸಸ್ಪೆಂಡ್ ಮಾಡಿದಾರೆ, ಕಟ್ಟಿರೋ ಫೀಸ್ ಗತಿ ಏನು?

ಬೆಣ್ಣೆದೋಸೆ88:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಬೆಂಗಳೂರಲ್ಲಿ ಒಂದು ಪ್ರೈವೇಟ್ ಇಂಜಿನಿಯರಿಂಗ್ ಕಾಲೇಜಲ್ಲಿ ಮೂರನೇ ಸೆಮ್ ಓದ್ತಿದಾನೆ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ಯೂನಿವರ್ಸಿಟಿ) ಕೆಳಗೆ ಬರುತ್ತೆ, ಅಟಾನಮಸ್ (ಪರೀಕ್ಷೆ ತಾನೇ ನಡೆಸೋ ಕಾಲೇಜು) ಅಲ್ಲ, ಮ್ಯಾನೇಜ್‌ಮೆಂಟ್ ಸೀಟು. ಹಾಸ್ಟೆಲಲ್ಲಿ ರಾತ್ರಿ ಯಾರದೋ ಬರ್ತ್‌ಡೇ ಅಂತ ಗಲಾಟೆ ಆಗಿ ಕಾರಿಡಾರ್ ಕಿಟಕಿ ಗಾಜು ಒಡೆದಿದೆ, ವಾರ್ಡನ್ ಜೊತೆ ಮಾತಿಗೆ ಮಾತು ಬೆಳೆದಿದೆ. ಇವನೂ ಆ ಗುಂಪಲ್ಲಿದ್ದ, ಇರಲಿಲ್ಲ ಅಂತ ನಾನೇನೂ ವಾದ ಮಾಡಲ್ಲ. ಮಾರನೇ ದಿನವೇ ನಾಲ್ಕು ಹುಡುಗರಿಗೆ ಲೆಟರ್ ಕೊಟ್ಟು ಮನೆಗೆ ಕಳಿಸಿದಾರೆ. ಲೆಟರಲ್ಲಿ 'ಶಿಸ್ತು ಉಲ್ಲಂಘನೆ', 'ಮುಂದಿನ ಆದೇಶದವರೆಗೆ' ಅಂತ ಎರಡು ಸಾಲು ಬಿಟ್ರೆ ಬೇರೇನಿಲ್ಲ, ಎಷ್ಟು ದಿನ ಅಂತಲೂ ಇಲ್ಲ.

ಈ ವರ್ಷದ ಟ್ಯೂಷನ್ ಫೀಸು ಎರಡೂವರೆ ಲಕ್ಷ ಪೂರ್ತಿ ಕಟ್ಟಿ ಆಗಿದೆ, ಹಾಸ್ಟೆಲ್ಲು ಮೆಸ್ಸು ಬೇರೆ, ಅರ್ಧಕ್ಕಿಂತ ಜಾಸ್ತಿ ಎಜುಕೇಶನ್ ಲೋನು. ಅಪ್ಪ 'ಟಿಸಿ ಇಸ್ಕೊಂಡು ದುಡ್ಡು ವಾಪಸ್ ತಗೊಂಡು ಬಾ, ಇಲ್ಲೇ ದಾವಣಗೆರೇಲಿ ಸೇರಿಸೋಣ' ಅಂತ ಕೂತಿದಾರೆ. ಆಫೀಸಲ್ಲಿ ಕೇಳಿದ್ರೆ ಸಸ್ಪೆನ್ಷನ್‌ಗೆಲ್ಲ ರೀಫಂಡ್ ಇಲ್ಲ, ಟಿಸಿ ಬೇಕಾದ್ರೆ ಉಳಿದ ಎರಡು ವರ್ಷದ ಫೀಸೂ ಕಟ್ಟಿ ಅಂತಾರೆ! ತಪ್ಪೊಪ್ಪಿಗೆ ಬರೆದು ಪೇರೆಂಟ್ಸ್ ಸೈನ್ ಹಾಕಿಸಿ ತನ್ನಿ, ಆಮೇಲೆ ನೋಡೋಣ ಅಂತಲೂ ಹೇಳಿದಾರೆ. ಏನ್ ಮಾಡೋದು?

ಎರಡ್ನೇಬೆಂಚು:
ಗುರು, ದುಡ್ಡು ಬರಲ್ಲ, ಆಸೆ ಬಿಡಿ. ಸೀದಾ ಕನ್ಸ್ಯೂಮರ್ ಕೋರ್ಟಿಗೆ ಹಾಕಿ, ಹೆದರ್ಕೊಂಡು ಕೊಡ್ತಾರೆ.

ಕರಿಕೋಟು:
ಮೇಲಿನವರ ಮಾತು ಕೇಳಿ ಓಡಬೇಡಿ. ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾಯ್ದೆ ಅಡಿ ಬರಲ್ಲ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲೇ ಹೇಳಿದೆ, ಅದು ಸುಪ್ರೀಂ ಕೋರ್ಟ್ ಮೆಟ್ಟಿಲೂ ಹತ್ತಿದೆ. ಫೀಸಿನ ತಕರಾರಿಗೆ ಆ ದಾರಿ ಹಿಡಿದ್ರೆ ಮೊದಲ ದಿನವೇ ಎದುರಿನ ವಕೀಲರು ಇದನ್ನೇ ಎತ್ತುತ್ತಾರೆ.

ಉಳಿದ ವರ್ಷದ ಫೀಸು ಕಟ್ಟಿ ಅನ್ನೋದಕ್ಕೆ ನೀವು ಸೊಪ್ಪು ಹಾಕಬೇಡಿ. ಒಂದು ಸಲಕ್ಕೆ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ಫೀಸು ಮಾತ್ರ ತಗೋಬೇಕು ಅಂತ ಸುಪ್ರೀಂ ಕೋರ್ಟ್ 2003ರಲ್ಲಿ ಇಸ್ಲಾಮಿಕ್ ಅಕಾಡೆಮಿ ಕೇಸಲ್ಲಿ ಹೇಳಿದೆ, ಆ ಕೇಸು ನಮ್ಮ ಕರ್ನಾಟಕ ಸರ್ಕಾರದ ಮೇಲೇ ಇದ್ದದ್ದು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಂಡು ಆಟ ಆಡಿಸೋದನ್ನೂ ಯುಜಿಸಿ, ಅಂದ್ರೆ ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಕೇಂದ್ರದ ಆಯೋಗ, ಬೇಡ ಅಂದಿದೆ.

ಆದ್ರೆ ನಿಮ್ಮಪ್ಪನ ಪ್ಲಾನೇ ಸರಿ ಇಲ್ಲ ಅಂತ ನನಗನ್ನಿಸೋದು. ಯುಜಿಸಿ 2018ರಲ್ಲಿ ರೀಫಂಡ್ ಲೆಕ್ಕ ಕೊಟ್ಟಿದ್ದು ಸೀಟು ಬಿಟ್ಟು ಹೋಗೋರಿಗೆ. ಅಡ್ಮಿಶನ್ನಿನ ಕೊನೇ ದಿನಾಂಕಕ್ಕಿಂತ 15 ದಿನ ಮೊದಲೇ ಬಿಟ್ರೆ ಪೂರ್ತಿ, ಅಲ್ಲಿಂದ 90, 80, 50 ಪರ್ಸೆಂಟ್ ಅಂತ ಇಳೀತಾ ಬಂದು, ಆ ದಿನಾಂಕ ಕಳೆದು 30 ದಿನ ದಾಟಿದ್ರೆ ಸೊನ್ನೆ. ಸೆಮ್ ಮಧ್ಯದಲ್ಲಿ ನಿಮ್ಮ ಕೈಯಾರೆ ವಿತ್‌ಡ್ರಾ ಲೆಟರ್ ಕೊಟ್ರೆ ನೀವಾಗೇ ಹೋಗಿ ಆ ಸೊನ್ನೆಯಲ್ಲಿ ಕೂತ್ಕೊಂಡ ಹಾಗೆ. ಸಸ್ಪೆಂಡ್ ಆದವನು ಇನ್ನೂ ಆ ಕಾಲೇಜಿನ ಸ್ಟೂಡೆಂಟೇ, ಹಂಗೇ ಇರಲಿ. ಜಗಳ ಆಡಬೇಕಾದ್ದು ಆರ್ಡರ್ ಮೇಲೆ, ರೀಫಂಡ್ ಮೇಲಲ್ಲ.

ಬೆಣ್ಣೆದೋಸೆ88:
ಸಾರ್ ತುಂಬಾ ಥ್ಯಾಂಕ್ಸ್. ಆರ್ಡರ್ ಮೇಲೆ ಅಂದ್ರೆ ಯಾರ ಹತ್ರ ಹೋಗೋದು? ತಪ್ಪೊಪ್ಪಿಗೆ ಬರೆದುಕೊಡಬೇಕಾ ಬೇಡವಾ?

ಹುಬ್ಬಳ್ಳಿಯಾಂವ:
ತಮ್ಮಾ, ಕಾಲೇಜ್ ಆಫೀಸಿನವರು ಹೇಳಿದಂಗ ತಪ್ಪೊಪ್ಪಿಗೆ ಬರದು ಕೊಡಬ್ಯಾಡ. ನಮ್ಮ ಅಕ್ಕನ ಮಗಂದೂ ಇಂಥಾದ್ದ ಆಗಿತ್ತು, ಕ್ಲರ್ಕ್ ಡಿಕ್ಟೇಟ್ ಮಾಡಿದ್ದನ್ನ ಹುಡುಗ ಹಂಗ ಬರದು ಕೊಟ್ಟ, 'ನಾನೇ ಗಾಜು ಒಡೆದಿದ್ದೇನೆ, ಕಾಲೇಜು ಕೊಡುವ ಯಾವುದೇ ಶಿಕ್ಷೆಗೆ ಬದ್ಧ' ಅಂತ. ಆಮ್ಯಾಲ ವಿಚಾರಣೆ ಏನ ಉಳೀತು ಹೇಳು? ಅದ ಹಾಳಿ ಮುಂದಿಟ್ಟು ಒಂದ್ ಸೆಮಿಸ್ಟರ್ ಹೊರಗ ಹಾಕಿದ್ರು. ಕ್ಷಮಾಪಣೆ ಬರೀರಿ, ನಡೆದದ್ದಕ್ಕ ವಿಷಾದ ಐತಿ, ಗಾಜಿನ ಖರ್ಚಿನಾಗ ನಮ್ಮ ಪಾಲು ಕೊಡ್ತೇವಿ, ಇನ್ಮುಂದ ಹಿಂಗ ಆಗೂದಿಲ್ಲ ಅಂತ, ಅಷ್ಟ ಸಾಕು. 'ಯಾವುದೇ ಶಿಕ್ಷೆ' ಅನ್ನೂ ಮಾತು ಮಾತ್ರ ಬರೀಬ್ಯಾಡ್ರಿ.

ನಿವೃತ್ತ_ಸೂಪರಿಂಟೆಂಡೆಂಟ್:
ಕಾಲೇಜ್ ಆಫೀಸಲ್ಲೇ ತಲೆ ಬೆಳ್ಳಗಾದವನು ನಾನು, ಆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳ್ತೀನಿ. ನಿಮಗೆ ಫೀಸಿನ ಚಿಂತೆ, ಆದ್ರೆ ನಿಜವಾಗಿ ಕಾಲ ಕಳೀತಿರೋದು ಅಟೆಂಡೆನ್ಸಿನದು. ವಿಟಿಯುಗೆ 85 ಪರ್ಸೆಂಟ್ ಬೇಕು, ಕಂಡೋನ್ (ಕಡಿಮೆ ಬಿದ್ದದ್ದಕ್ಕೆ ವಿನಾಯಿತಿ) ಅಂತ ಬಿಟ್ರೂ 10 ಪರ್ಸೆಂಟ್ ಮೇಲೆ ಬಿಡಲ್ಲ, ಅದೂ ಹುಷಾರಿಲ್ಲದ್ದಕ್ಕೋ ಸ್ಪೋರ್ಟ್ಸಿಗೋ ಕೊಡೋದು. ಸೆಮ್ 16 ವಾರ ಅಂತ ಹಿಡೀರಿ, ನಾಲ್ಕು ವಾರ ಹೊರಗಿದ್ರೆ ಉಳಿದದ್ದು ಸರಿಯಾಗಿ 75. ಐದನೇ ವಾರ ಬಂತು ಅಂದ್ರೆ ಪರೀಕ್ಷೆಗೆ ಕೂರೋ ಹಾಗಿಲ್ಲ, ಅದೇ ಸೆಮ್ಮಿಗೆ ಮುಂದಿನ ವರ್ಷ ಬರಬೇಕು, ಆಗ ಕೌಂಟರಲ್ಲಿ ಕೂತವನು ಹೊಸದಾಗಿ ಚಲನ್ ಹರೀತಾನೆ. ಎರಡೂವರೆ ಲಕ್ಷ ನಿಜವಾಗಿ ಹೋಗೋದು ಅಲ್ಲಿ. ಎಷ್ಟು ದಿನ ಅಂತ ಇಲ್ಲದ ಆರ್ಡರ್ ಕೊಡೋದೂ ಅದಕ್ಕೇ, ಯಾರೂ ಏನೂ ಬರೆದು ಸಿಕ್ಕಿಹಾಕ್ಕೊಳ್ಳಬೇಕಾಗಿಲ್ಲ.

ಅದಕ್ಕೆ ಈ ವಾರವೇ ಪ್ರಿನ್ಸಿಪಾಲರ ಹೆಸರಿಗೆ ಅರ್ಜಿ ಕೊಡಿ. ಇದು ವಿಚಾರಣೆ ಮುಗಿಯೋವರೆಗಿನ ಸಸ್ಪೆನ್ಷನ್ನಾ ಅಥವಾ ಶಿಕ್ಷೆನಾ, ವಿಚಾರಣೆ ಯಾವತ್ತು, ಕಮಿಟಿಯಲ್ಲಿ ಯಾರಿದಾರೆ, ಈ ದಿನಗಳನ್ನ ಅಟೆಂಡೆನ್ಸಿಗೆ ಹೇಗೆ ಹಿಡೀತೀರಿ, ಇಂಟರ್ನಲ್ಸ್ ಬರೆಯೋಕೆ ಬಿಡ್ತೀರಾ, ಸೆಮ್ ಹೋದ್ರೆ ಕಟ್ಟಿರೋ ಫೀಸನ್ನ ಮುಂದಿನ ವರ್ಷಕ್ಕೆ ಅಡ್ಜಸ್ಟ್ ಮಾಡ್ತೀರಾ, ಎಲ್ಲ ಕೇಳಿ. ಹಾಸ್ಟೆಲ್ ಮೆಸ್ ದುಡ್ಡಿಗೆ ಬೇರೆ ಅರ್ಜಿ ಹಾಕಿ, ಊಟ ಮಾಡದ ತಿಂಗಳ ಮೆಸ್ ವಾಪಸ್ ಕೊಡೋಕೆ ಅಷ್ಟು ತಕರಾರು ಮಾಡಲ್ಲ. ಎರಡು ಕಾಪಿ ತಗೊಂಡು ಹೋಗಿ, ಒಂದರ ಮೇಲೆ ಇನ್‌ವರ್ಡ್ ಸೀಲು ನಂಬರು ಹಾಕಿಸ್ಕೊಳ್ಳಿ. ಹಾಕಲ್ಲ ಅಂದ್ರೆ ಜಗಳ ಬೇಡ, ಪೋಸ್ಟ್ ಆಫೀಸಿಗೆ ಹೋಗಿ ಅಕ್ನಾಲೆಡ್ಜ್‌ಮೆಂಟ್ ಸಮೇತ ಕಳಿಸಿ.

ಎರಡ್ನೇಬೆಂಚು:
ರ‍್ಯಾಗಿಂಗ್ ಅಂತೇನಾದ್ರೂ ಬರೆದಿದಾರಾ ಲೆಟರಲ್ಲಿ? ಹಂಗಿದ್ರೆ ಕತೆ ಬೇರೆ.

ಕರಿಕೋಟು:
ಈ ಸಲ ಸರಿಯಾದ ಪ್ರಶ್ನೆ ಕೇಳಿದ್ರಿ. ರ‍್ಯಾಗಿಂಗ್ ಆದ್ರೆ ಯುಜಿಸಿಯ 2009ರ ನಿಯಮದಲ್ಲಿ ಒಂದರಿಂದ ನಾಲ್ಕು ಸೆಮಿಸ್ಟರ್ ಹೊರಗೆ ಹಾಕೋಕೂ ಅವಕಾಶ ಇದೆ, ಅದರ ಮೇಲ್ಮನವಿ ಯೂನಿವರ್ಸಿಟಿ ಕುಲಪತಿಗಳಿಗೆ ಹೋಗುತ್ತೆ. ಬರೀ ಗಲಾಟೆ ಆದ್ರೆ ಕಾಲೇಜಲ್ಲೇ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು, ಯುಜಿಸಿ 2023ರ ನಿಯಮ, ಸಾಧ್ಯವಾದಷ್ಟು 15 ಕೆಲಸದ ದಿನದಲ್ಲಿ ವರದಿ ಕೊಡಬೇಕು ಅಂತಿದೆ. ಅದು ಒಪ್ಪಿಗೆ ಆಗಲಿಲ್ಲ ಅಂದ್ರೆ 15 ದಿನದೊಳಗೆ ಯೂನಿವರ್ಸಿಟಿ ಓಂಬುಡ್ಸ್‌ಪರ್ಸನ್ನಿಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳೋ ಅಧಿಕಾರಿ) ಹೋಗಬಹುದು. ಸಮಿತಿ ಮುಂದೆ ಹೇಳಬೇಕಾದ್ದು ಇಷ್ಟೇ, ಹುಡುಗನ ಮಾತು ಕೇಳದೇ, ನೋಟಿಸ್ ಕೊಡದೇ, ಅವಧಿ ಹಾಕದೇ ಹೊರಗೆ ಕಳಿಸಿದಾರೆ ಅಂತ. ಹೈಕೋರ್ಟಲ್ಲಿ ರಿಟ್ (ಆರ್ಡರನ್ನ ಪ್ರಶ್ನಿಸೋ ಅರ್ಜಿ) ಕೊನೇಗೆ, ಆದ್ರೆ ಪರೀಕ್ಷೆ ಹತ್ತಿರ ಬಂದ್ಮೇಲೆ ಹೋದ್ರೆ ಇಷ್ಟು ದಿನ ಏನ್ ಮಾಡ್ತಿದ್ರಿ ಅಂತ ಜಡ್ಜ್ ಕೇಳ್ತಾರೆ, ಅದಕ್ಕೇ ಸೀಲು ಬಿದ್ದ ಕಾಗದ ಬೇಕಾಗೋದು.

ಬೆಣ್ಣೆದೋಸೆ88:
ರ‍್ಯಾಗಿಂಗ್ ಅಂತ ಎಲ್ಲೂ ಇಲ್ಲ, ಮತ್ತೊಮ್ಮೆ ನೋಡಿದೆ. ಇವತ್ತಿಗೆ ಒಂಬತ್ತು ದಿನ ಆಯ್ತು. ಅಪ್ಪಂಗೆ 16 ವಾರದ ಲೆಕ್ಕ ತೋರಿಸಿದ್ಮೇಲೆ ಟಿಸಿ ಮಾತು ನಿಲ್ಲಿಸಿದಾರೆ. ನಾಳೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗ್ತಿದೀವಿ. ಬ್ಯಾಂಕಿಗೆ ಈಗಲೇ ಹೇಳಬೇಕಾ?

ನಿವೃತ್ತ_ಸೂಪರಿಂಟೆಂಡೆಂಟ್:
ಈ ವರ್ಷದ ಕಂತು ಬಂದಾಗಿದೆಯಲ್ಲ, ಸಮಿತಿ ಏನಂತದೆ ನೋಡ್ಕೊಂಡು ಹೇಳಿ. ವರ್ಷ ಹೋಗೋದು ಖಾತ್ರಿ ಆದ್ರೆ ಮಾತ್ರ ತಡ ಮಾಡಬೇಡಿ, ಕೋರ್ಸ್ ಮುಗಿಯೋ ದಿನಾಂಕ ಬದಲಾದ್ರೆ ಇಎಂಐ ಶುರುವಾಗೋ ದಿನವೂ ಬದಲಾಗಬೇಕು, ಅದನ್ನ ಬ್ಯಾಂಕಿನವರು ತಾವಾಗೇ ಮಾಡಲ್ಲ. ಗಾಜಿನ ದುಡ್ಡು ಕಟ್ಟಿದ್ರೆ ರಸೀದಿ ಮರೀಬೇಡಿ.