ಹವ್ಯಾಸಿ ಉಪಗ್ರಹ ಕೇಳಲು ಯಾವ ಆಂಟೆನಾ? ವರ್ಟಿಕಲ್, ಯಾಗಿ, ಕ್ಯೂಎಫ್‌ಎಚ್

ಪ್ರಶ್ನೆ: ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್) ಇದೆ. ಮಾಳಿಗೆ ಮೇಲೆ ವರ್ಟಿಕಲ್ (ನೆಟ್ಟಗೆ ನಿಲ್ಲುವ ಕಡ್ಡಿ) ಆಂಟೆನಾ, ಅಲ್ಲಿಂದ 15 ಮೀಟರ್ ಆರ್‌ಜಿ-58 ಕೇಬಲ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ (ಐಎಸ್‌ಎಸ್) ರಿಪೀಟರ್, ಅಂದರೆ ಮರುಪ್ರಸಾರ ಮಾಡುವ ಸಾಧನ (437.800 ಮೆಗಾಹರ್ಟ್ಸ್) ಕೇಳಿಸುತ್ತದೆ, ಆದರೆ ಆಗಾಗ ಮುಳುಗಿ ಏಳುತ್ತದೆ. ಎಸ್‌ಒ-50 ಎಂಬ ಹವ್ಯಾಸಿ ಉಪಗ್ರಹ (436.795) ಕೇಳಿಸುವುದೇ ಇಲ್ಲ. ಇನ್ನೂ ಹೆಚ್ಚು ಗೇನ್ (ಒಂದು ದಿಕ್ಕಿನ ಸಿಗ್ನಲನ್ನು ಹೆಚ್ಚು ಹಿಡಿಯುವ ಶಕ್ತಿ) ಇರುವ ವರ್ಟಿಕಲ್ ಹಾಕಲೇ?

ಉತ್ತರ: ಬೇಡ ಸರ್. ವರ್ಟಿಕಲ್‌ನಲ್ಲಿ ಗೇನ್ ಹೆಚ್ಚಿದಷ್ಟೂ ಅದು ದಿಗಂತದ ಕಡೆಗಷ್ಟೇ ನೋಡುತ್ತದೆ, ನೆತ್ತಿಯ ಮೇಲೆ ಕುರುಡು. ಉಪಗ್ರಹ ನಿಮಗೆ ಅತಿ ಹತ್ತಿರ ಬಂದಾಗಲೇ ಕೈಕೊಡುತ್ತದೆ.

ಆಂಟೆನಾಕ್ಕಿಂತ ಮೊದಲು ಆ ಕೇಬಲ್ ಬದಲಿಸಿ. ಈ ಬ್ಯಾಂಡ್‌ನಲ್ಲಿ 15 ಮೀಟರ್ ಆರ್‌ಜಿ-58 ಸುಮಾರು 5 ಡಿಬಿ (ಡೆಸಿಬಲ್) ತಿನ್ನುತ್ತದೆ, ಅಂದರೆ ಬಂದ ಸಿಗ್ನಲ್‌ನಲ್ಲಿ ಮೂರರಲ್ಲಿ ಎರಡು ಪಾಲು ದಾರಿಯಲ್ಲೇ ಹೋಯಿತು. ಎಸ್‌ಒ-50 ಕಳಿಸುವುದೇ ಕಾಲು ವ್ಯಾಟ್. ಬರೀ ಕೇಳುವುದಕ್ಕಾದರೆ ಟಿವಿಗೆ ಬಳಸುವ ಆರ್‌ಜಿ-6 ಸಾಕು, 2 ಡಿಬಿ ಆಸುಪಾಸು ನಷ್ಟ. ಅದು 50 ಅಲ್ಲ, 75 ಓಮ್ ಎಂದು ಚಿಂತೆ ಬೇಡ, ಹೊಂದಾಣಿಕೆ ತಪ್ಪಿ ಹೋಗುವುದು 0.2 ಡಿಬಿಯಷ್ಟೇ.

ಇನ್ನು ಮುಳುಗಿ ಏಳುವುದು. ಉಪಗ್ರಹ ಸಾಗುತ್ತಾ, ತಿರುಗುತ್ತಾ ಹೋದಂತೆ ಅದರ ಅಲೆ ನಿಮ್ಮ ಕಡ್ಡಿಗೆ ಒಮ್ಮೆ ಸಮಾನಾಂತರ, ಒಮ್ಮೆ ಅಡ್ಡ. ಅಡ್ಡ ಬಿದ್ದಾಗ 20 ಡಿಬಿವರೆಗೂ ಕುಸಿಯಬಹುದು. ಇದಕ್ಕೆ ದಾರಿ ಎರಡು. ಕೈಯಲ್ಲಿ ಹಿಡಿಯುವ 5 ಎಲಿಮೆಂಟಿನ (ಅಡ್ಡಕಡ್ಡಿಯ) ಯಾಗಿಯಾದರೆ (ಒಂದೇ ದಿಕ್ಕಿಗೆ ನೋಡುವ ಆಂಟೆನಾ) ಉಪಗ್ರಹದತ್ತ ತೋರಿಸಿ, ಸದ್ದು ಕುಗ್ಗಿದ ಕೂಡಲೇ ಮಣಿಕಟ್ಟು ತಿರುಗಿಸಿ ಬೂಮನ್ನು (ಕಡ್ಡಿಗಳನ್ನು ಹೊತ್ತ ನಡುದಂಡ) ಇದ್ದಲ್ಲೇ 90 ಡಿಗ್ರಿ ಹೊರಳಿಸಿ. ಗರಗರ ಎನ್ನುತ್ತಿದ್ದ ದನಿ ತಟ್ಟನೆ ತಿಳಿಯಾಗುತ್ತದೆ. ಒಂದೇ ಕಡೆ ನಿಲ್ಲಿಸುವುದಾದರೆ ವೃತ್ತ ಧ್ರುವೀಕರಣದ (ಸುತ್ತುತ್ತಾ ಬರುವ ಅಲೆಗೆ ಹೊಂದುವ) ಕ್ಯೂಎಫ್‌ಎಚ್, ಅಂದರೆ ಸುರುಳಿಯಾಕಾರದ ಆಂಟೆನಾ. ಸಾದಾ (ಒಂದೇ ರೇಖೆಯಲ್ಲಿ ಕಂಪಿಸುವ) ಅಲೆ ಬಂದಾಗ ಸದಾ 3 ಡಿಬಿ ಕಳೆದುಕೊಳ್ಳುತ್ತದೆ, ಆದರೆ ಆಳವಾದ ಗುಂಡಿ ಇರುವುದಿಲ್ಲ. ನಿಮಗೆ ಎಸ್‌ಒ-50 ಬೇಕಾದ್ದರಿಂದ ಯಾಗಿಯನ್ನೇ ಹೇಳುತ್ತೇನೆ.

ಪ್ರಶ್ನೆ: ಯಾಗಿ ನಾನೇ ಮಾಡಬಹುದೇ? ಎಲ್‌ಎನ್‌ಎ (ಕ್ಷೀಣ ಸಿಗ್ನಲನ್ನು ಹಿಗ್ಗಿಸುವ ಸಾಧನ) ಒಂದಿದೆ, ಡಾಂಗಲ್ ಪಕ್ಕ ಹಾಕಿದರೆ ಗದ್ದಲವೂ ಜೋರಾಗುತ್ತದೆ.

ಉತ್ತರ: ಖಂಡಿತ ಮಾಡಬಹುದು. ಬೂಮ್‌ಗೆ ಮರದ ಪಟ್ಟಿ ಅಥವಾ ಪಿವಿಸಿ ಪೈಪು, ಎಲಿಮೆಂಟ್‌ಗೆ 3 ಮಿಮೀ ಅಲ್ಯೂಮಿನಿಯಂ ಕಡ್ಡಿ. ಹಿಂದಿನ ರಿಫ್ಲೆಕ್ಟರ್ 34 ಸೆಂಮೀ ಹತ್ತಿರ ಇರುತ್ತದೆ, ಮುಂದಿನ ಡೈರೆಕ್ಟರ್‌ಗಳು 31ರ ಆಸುಪಾಸು. ಕರಾರುವಾಕ್ಕಾದ ಅಳತೆ ಮತ್ತು ಅಂತರವನ್ನು ಒಂದೇ ವಿನ್ಯಾಸದಿಂದ ಪೂರ್ತಿ ತೆಗೆದುಕೊಳ್ಳಿ, ಎರಡನ್ನು ಬೆರೆಸಬೇಡಿ. ಇಲ್ಲಿ 3 ಮಿಮೀ ತಪ್ಪಿದರೆ ಅನುರಣನ (ಆಂಟೆನಾ ಚೆನ್ನಾಗಿ ಹಿಡಿಯುವ ಆವರ್ತನ) 4 ಮೆಗಾಹರ್ಟ್ಸ್ ಸರಿಯುತ್ತದೆ. ಮರದ ಬೂಮ್‌ನ ಅಳತೆಯನ್ನು ಲೋಹದ ಬೂಮ್‌ಗೆ ಹಾಗೇ ಹಾಕಿದರೂ ಕೆಡುತ್ತದೆ.

ಎಲ್‌ಎನ್‌ಎ ಇರಬೇಕಾದ್ದು ಆಂಟೆನಾದ ಬುಡದಲ್ಲಿ. ಕೇಬಲ್‌ನಲ್ಲಿ ಸಿಗ್ನಲ್ ಕ್ಷೀಣಿಸಿದ ಮೇಲೆ ಹಿಗ್ಗಿಸಿದರೆ ಗದ್ದಲವೂ ಜೊತೆಗೆ ಹಿಗ್ಗುತ್ತದೆ. ಹತ್ತಿರದಲ್ಲಿ ಎಫ್‌ಎಂ ಪ್ರಸಾರ ಕೇಂದ್ರವಿದ್ದರೆ ಎಲ್‌ಎನ್‌ಎಗೂ ಮುಂಚೆ ಫಿಲ್ಟರ್ ಹಾಕಿ, ಇಲ್ಲವಾದರೆ ಅದರ ಅಬ್ಬರಕ್ಕೆ ಎಲ್‌ಎನ್‌ಎಯೇ ತುಂಬಿಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಎಲ್‌ಎನ್‌ಎ ತೆಗೆದು ಫೋಲ್ಡೆಡ್ ಡೈಪೋಲನ್ನು (ಯಾಗಿಯಲ್ಲಿ ಕೇಬಲ್ ಸೇರುವ ಮಡಿಚಿದ ಕಡ್ಡಿ) ನೇರವಾಗಿ ಸಿಕ್ಕಿಸುವಾಗ ಬಯಾಸ್-ಟೀ (ಕೇಬಲ್ ಮೂಲಕವೇ ಎಲ್‌ಎನ್‌ಎಗೆ ವಿದ್ಯುತ್ ಕೊಡುವ ವ್ಯವಸ್ಥೆ) ಆಫ್ ಮಾಡಿ. ಡೈಪೋಲ್ ಸುತ್ತಿ ಬಂದು ಸೇರುವ ಒಂದೇ ತಂತಿ, ಡಿಸಿಗೆ ಅದು ಶಾರ್ಟ್.

ಪ್ರಶ್ನೆ: ಎಲ್ಲ ಸರಿಮಾಡಿಯೂ ಕೇಳಿಸದಿದ್ದರೆ?

ಉತ್ತರ: ಡಾಪ್ಲರ್ ನೋಡಿ, ಅಂದರೆ ಉಪಗ್ರಹದ ವೇಗದಿಂದ ಆವರ್ತನ ಸರಿಯುವುದು. ನೆತ್ತಿ ಹತ್ತಿರ ಹಾದುಹೋಗುವಾಗ ಐಎಸ್‌ಎಸ್ 437.810ರಲ್ಲಿ ಮೂಡಿ 437.790ರಲ್ಲಿ ಮುಳುಗುತ್ತದೆ. ರಿಸೀವರನ್ನು 437.800ರಲ್ಲೇ ಬಿಟ್ಟು ಕೂತರೆ ಮೊದಲ ಮತ್ತು ಕೊನೆಯ ನಿಮಿಷಗಳು ಎಂಥ ಆಂಟೆನಾಕ್ಕೂ ಸಿಗವು.