ಹಡಗಿನ ನಾಯಕ: ರೂಪಕವೋ, ರೂಪಕಾತಿಶಯೋಕ್ತಿಯೋ?

ಪ್ರಶ್ನೆ – ಬಸವನಗುಡಿಯ ಅಧ್ಯಾಪಕಿ
ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ 1865ರ ಏಪ್ರಿಲ್ 14ರ ರಾತ್ರಿ ಗುಂಡೇಟಿಗೆ ತುತ್ತಾಗಿ ಮರುದಿನ ಬೆಳಿಗ್ಗೆ ತೀರಿಕೊಂಡ ಮೇಲೆ ಅಲ್ಲಿನ ಕವಿ ವಾಲ್ಟ್ ವಿಟ್ಮನ್ ಬರೆದ ‘ಓ ಕ್ಯಾಪ್ಟನ್! ಮೈ ಕ್ಯಾಪ್ಟನ್!’ ಶೋಕಗೀತೆಯನ್ನು ಪದವಿ ತರಗತಿಗೆ ಪಾಠ ಮಾಡುತ್ತಿದ್ದೇನೆ. ಕ್ಯಾಪ್ಟನ್ ಎಂದರೆ ಲಿಂಕನ್, ಹಡಗೆಂದರೆ ದೇಶ, ಪಯಣವೆಂದರೆ ಅಂತರ್ಯುದ್ಧ, ಬಂದರೆಂದರೆ ಗೆಲುವು ಎಂದು ಬಿಡಿಸಿ ಹೇಳಿ, ಇದು ಸಾಂಗರೂಪಕ, ಅಂದರೆ ಅಂಗಾಂಗಗಳಿಗೂ ಹಬ್ಬಿದ ರೂಪಕ, ಎಂದೆ. ಐಚ್ಛಿಕ ಕನ್ನಡ ಓದುವ ವಿದ್ಯಾರ್ಥಿನಿಯೊಬ್ಬಳು, “ರೂಪಕದಲ್ಲಿ ಉಪಮೇಯವನ್ನೂ, ಅಂದರೆ ಹೋಲಿಸಲಾಗುವ ವಸ್ತುವನ್ನೂ, ಹೇಳಿರಬೇಕಲ್ಲವೇ ಮೇಡಂ? ಪದ್ಯದಲ್ಲಿ ಲಿಂಕನ್ ಹೆಸರೇ ಇಲ್ಲ” ಎಂದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಜೊತೆಗೆ, ಕನ್ನಡಕ್ಕೆ ತರುವಾಗ ‘ಕ್ಯಾಪ್ಟನ್’ಗೆ ‘ಅಂಬಿಗ’ ಎಂದರೆ ಹೊಂದೀತೇ?

ಉತ್ತರ – ಮಲ್ಲೇಶ್ವರದ ನಿವೃತ್ತ ಕನ್ನಡ ಮೇಷ್ಟ್ರು
ನಿಮ್ಮ ವಿದ್ಯಾರ್ಥಿನಿಯ ಮಾತೇ ಸರಿ. ‘ಮುಖಕಮಲ’ ಎಂದಾಗ ಮುಖವೂ ಕಮಲವೂ ಎದುರಿಗಿರುತ್ತವೆ, ಅದು ರೂಪಕ. ಹೋಲಿಕೆಗೆ ತಂದ ಉಪಮಾನವು ಉಪಮೇಯವನ್ನು ನುಂಗಿಕೊಂಡು ತಾನೊಂದೇ ಉಳಿದರೆ ಅದನ್ನು ನಮ್ಮ ಆಲಂಕಾರಿಕರು ರೂಪಕಾತಿಶಯೋಕ್ತಿ ಎನ್ನುತ್ತಾರೆ. ಇಲ್ಲಿ ಲಿಂಕನ್, ಅಮೆರಿಕ, ಯುದ್ಧ ಯಾವುದರ ಹೆಸರೂ ಇಲ್ಲ. ಹಡಗು ಎಲ್ಲವನ್ನೂ ನುಂಗಿದೆ. ಪದ್ಯ ಅದೇ ವರ್ಷದ ನವೆಂಬರಿನಲ್ಲಿ ಪ್ರಕಟವಾದಾಗ ಓದುಗರಿಗೆ ಹೆಸರಿನ ಅಗತ್ಯವೂ ಇರಲಿಲ್ಲವೆನ್ನಿ.

ಆದರೆ ಅಲಂಕಾರದ ಹೆಸರು ಹಚ್ಚಿ ನಿಲ್ಲಿಸಬೇಡಿ. ಗಂಟೆ, ಹೂಗುಚ್ಛ, ಹಾರ, ದಡದಲ್ಲಿ ನೆರೆದ ಜನ – ವಿಜಯೋತ್ಸವಕ್ಕೆ ಒದಗುವ ಇವೆಲ್ಲ ಶವಯಾತ್ರೆಗೂ ಅಷ್ಟೇ ಒದಗುತ್ತವೆ. ಒಂದು ಪದಕ್ಕೆ ಎರಡು ಅರ್ಥವಿದ್ದರೆ ಶ್ಲೇಷೆ ಎನ್ನುತ್ತೇವೆ. ಇಲ್ಲಿ ವಸ್ತುಗಳೇ ಶ್ಲೇಷೆಯಾಡುತ್ತವೆ. ಕರುಣರಸ ಕಣ್ಣೀರಿಗಿಂತ ಹೆಚ್ಚಾಗಿ ಈ ಇಬ್ಬಂದಿಯಿಂದಲೇ ಉಕ್ಕುತ್ತದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ – ಜಯನಗರದ ಅನುವಾದಕ
‘ಅಂಬಿಗ’ ದಯವಿಟ್ಟು ಬೇಡ. ದಾಸರ ಪದಗಳನ್ನು ಕೇಳಿ ಬೆಳೆದವರಿಗೆ ಅಂಬಿಗನೆಂದರೆ ಭವಸಾಗರ ದಾಟಿಸುವ ಹರಿ, ಅವನು ಸಾಯುವವನಲ್ಲ. ಇಲ್ಲಿ ದಡ ಮುಟ್ಟಿಸಿದವನೇ ದಡ ಕಾಣದೆ ಬಿದ್ದಿದ್ದಾನೆ.

ನಿಜವಾದ ತೊಡಕು ಸರ್ವನಾಮದ್ದು. ಕವಿ ಮೊದಲು ಸಂಬೋಧಿಸುತ್ತಾನೆ, ಎರಡನೆಯ ಚರಣದಲ್ಲಿ ‘ಎದ್ದೇಳು’ ಎಂದು ಅಂಗಲಾಚಿ ‘ತಂದೆ’ ಎಂದು ಕರೆಯುತ್ತಾನೆ, ಮೂರನೆಯದರಲ್ಲಿ ‘ನನ್ನ ನಾಯಕ ಉತ್ತರಿಸುತ್ತಿಲ್ಲ’ ಎಂದು ‘ಅವನು’ ಎನ್ನುವ ಪ್ರಥಮಪುರುಷಕ್ಕೆ ಸರಿಯುತ್ತಾನೆ. ಸಾವನ್ನು ಒಪ್ಪಿಕೊಂಡದ್ದನ್ನು ವ್ಯಾಕರಣವೇ ಹೇಳಿಬಿಡುತ್ತದೆ. ದೇಶದ ಅಧ್ಯಕ್ಷನೆಂದು ‘ನೀವು, ಅವರು’ ಎಂದು ಬರೆದರೆ ಅದು ಸಂತಾಪ ಸೂಚಕ ಸಭೆಯ ಭಾಷಣವಾಗುತ್ತದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ರಣರಂಗದಲ್ಲಿ ಬಿದ್ದ ಕರ್ಣನನ್ನು ಏಕವಚನದಲ್ಲೇ ಕರೆದು ಪ್ರಲಾಪಿಸುತ್ತಾನೆ. ನಮ್ಮ ಮನೆಗಳಲ್ಲೂ ಶವದ ಮುಂದೆ ‘ಎದ್ದೇಳಪ್ಪಾ’ ಎಂದೇ ಗೋಳಿಡುತ್ತಾರೆ. ವಿಟ್ಮನ್ ಲಿಂಕನ್ನನನ್ನು ವಾಷಿಂಗ್ಟನ್ನಿನ ಬೀದಿಗಳಲ್ಲಿ ಕಂಡಿದ್ದನೇ ಹೊರತು ಅವರಿಬ್ಬರಿಗೆ ಪರಿಚಯವಿರಲಿಲ್ಲ. ಆದ್ದರಿಂದ ‘ತಂದೆ’ ಎಂಬ ಮಾತಿಗೆ ಸಲುಗೆ ಕೊಡಬೇಕಾದದ್ದು ಆ ಏಕವಚನವೇ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ‘ಕ್ಯಾಪ್ಟನ್’ ಎಂದೇ ಉಳಿಸೋಣವೆಂದರೆ ನಮ್ಮ ಹುಡುಗರ ಕಣ್ಣಿಗೆ ಚಿನ್ನಸ್ವಾಮಿ ಕ್ರೀಡಾಂಗಣವೇ ಕಟ್ಟುತ್ತದೆ. ‘ನಾಯಕ’ ಎಂದು ಇಟ್ಟುಕೊಳ್ಳಲೇ?

ಉತ್ತರ – ಮಲ್ಲೇಶ್ವರದ ನಿವೃತ್ತ ಕನ್ನಡ ಮೇಷ್ಟ್ರು
ಇಟ್ಟುಕೊಳ್ಳಿ, ಆದರೆ ಬೆಲೆ ತೆರಬೇಕಾದೀತು. ಕನ್ನಡದ ‘ನಾಯಕ’ ಹಡಗಿಗೂ ಸಲ್ಲುತ್ತಾನೆ, ದೇಶಕ್ಕೂ ಸಲ್ಲುತ್ತಾನೆ. ಹಡಗು ನುಂಗಿದ್ದ ಉಪಮೇಯ ಆ ಒಂದು ಪದದಲ್ಲಿ ಮತ್ತೆ ತಲೆಯೆತ್ತುತ್ತದೆ. ನಿಮ್ಮ ವಿದ್ಯಾರ್ಥಿನಿ ನಾಳೆ ಅದನ್ನೂ ಕೇಳದೆ ಬಿಡುವವಳಲ್ಲ.