ಗಾಂಜಾ ಕಾನೂನುಬದ್ಧ ಮಾಡಬೇಕಾ? ತಮ್ಮನಿಗೆ ಏನಂತ ಉತ್ತರ ಕೊಡಲಿ?

ಜಮಖಂಡಿ ಅಕ್ಕ:
ಎಲ್ಲರಿಗೂ ನಮಸ್ಕಾರ. ನಮ್ಮದು ಜಮಖಂಡಿ ಕಡೆಯ ಹಳ್ಳಿ, ಕಬ್ಬು ಬೆಳೆಯುವ ಮನೆ. ತಮ್ಮ ಬೆಳಗಾವಿಯಲ್ಲಿ ರೂಮ್ ಮಾಡಿಕೊಂಡು ಡಿಗ್ರಿ ಕೊನೆಯ ವರ್ಷ ಓದುತ್ತಿದ್ದಾನೆ. ದೀಪಾವಳಿಗೆ ಬಂದಾಗ ಮೈ ಇಳಿದುಹೋಗಿತ್ತು. ರಾತ್ರಿ ನಿದ್ದೆ ಇಲ್ಲ, ಮಾತಾಡಿಸಿದರೆ ಸಿಡುಕು. ಬಟ್ಟೆ ಒಗೆಯಲು ಬ್ಯಾಗ್ ತೆಗೆದರೆ ಗಾಂಜಾ ಪೊಟ್ಟಣ ಸಿಕ್ಕಿತು. ಅವ್ವನಿಗೆ ಗೊತ್ತಾಗಿದೆ, ಅಪ್ಪನಿಗೆ ಇನ್ನೂ ಹೇಳಿಲ್ಲ.

ಬೈದರೆ ವಾದಕ್ಕೆ ನಿಲ್ಲುತ್ತಾನೆ. ಕೆನಡಾದಲ್ಲಿ 2018ರಿಂದ ಅಂಗಡಿಯಲ್ಲೇ ಮಾರುತ್ತಾರೆ, ಜರ್ಮನಿಯಲ್ಲಿ 2024ರಿಂದ ಮನೆಯಲ್ಲೇ ಬೆಳೆಸಬಹುದು, ನಮ್ಮಲ್ಲೂ ಶಿವರಾತ್ರಿಗೆ ಭಂಗಿ ಕುಡಿಯುವವರಿದ್ದಾರೆ, ಸಾಧುಗಳು ಚಿಲುಮೆ ಸೇದುತ್ತಾರೆ, ಶೆರೆ ಕುಡಿದು ಸತ್ತಷ್ಟು ಜನ ಇದರಿಂದ ಸತ್ತಿದ್ದಾರಾ ಅಂತ ನನ್ನನ್ನೇ ಕೇಳುತ್ತಾನೆ. ಈ ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಕಾಕಾ ಕುಡಿದು ಕುಡಿದು ಲಿವರ್ ಹೋಗಿ 44ನೇ ವಯಸ್ಸಿಗೆ ತೀರಿಕೊಂಡರು. ಅವರು ಕುಡಿದಿದ್ದು ಸರ್ಕಾರ ಲೈಸೆನ್ಸ್ ಕೊಟ್ಟ ಅಂಗಡಿಯದ್ದೇ ಅಲ್ವಾ.

ನನಗೆ ಎರಡು ವಿಷಯ ತಿಳಿಯಬೇಕು. ಇದನ್ನು ಕಾನೂನುಬದ್ಧ ಮಾಡುವುದು ನಿಜಕ್ಕೂ ಸರಿಯಾ? ಮತ್ತೆ, ಇವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಲೀಸ್ ಕೇಸ್ ಆಗುತ್ತಾ? ಆ ಹೆದರಿಕೆಯಿಂದಲೇ ಒಂದು ತಿಂಗಳು ಸುಮ್ನೆ ಕೂತಿದ್ದೇನೆ.

ವಿಜಯಪುರ ವಕೀಲ:
ಅಕ್ಕಾರೇ, ಎರಡನೆಯದಕ್ಕೆ ಮೊದಲು ಉತ್ತರ. ಹೆದರಬೇಡಿ, ಕರೆದುಕೊಂಡು ಹೋಗಿ. 1985ರ ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅನ್ನುವ ಕಲಂ ಇದೆ. ಸೇದಿದ್ದಕ್ಕೆ ಅಥವಾ ಸಣ್ಣ ಪ್ರಮಾಣದ ಗಾಂಜಾ ಇಟ್ಟುಕೊಂಡಿದ್ದಕ್ಕೆ ಕೇಸ್ ಬಿದ್ದ ಚಟದವನು ಕೂಡ, ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವ ಹಾಗಿಲ್ಲ. ನಡುವೆ ಬಿಟ್ಟು ಬಂದರೆ ಆ ರಕ್ಷಣೆ ಹೋಗಬಹುದು, ಅದೊಂದು ನೆನಪಿರಲಿ. ನಿಮ್ಮ ತಮ್ಮನ ಮೇಲಂತೂ ಕೇಸೇ ಇಲ್ಲ.

ಭಂಗಿ ವಿಷಯದಲ್ಲಿ ಅವನು ಹೇಳುವುದು ಅರ್ಧ ಸರಿ. ಕೇಂದ್ರದ ಕಾಯ್ದೆ ಭಂಗಿ ಮಾಡುವ ಬರೀ ಎಲೆಯನ್ನು ನಿಷೇಧದಿಂದ ಹೊರಗಿಟ್ಟಿದೆ, ಹಾಗಾಗಿ ಉತ್ತರ ಪ್ರದೇಶ, ರಾಜಸ್ಥಾನದಲ್ಲಿ ಲೈಸೆನ್ಸ್ ಇರುವ ಭಂಗಿ ಅಂಗಡಿಗಳಿವೆ. ಅದೇ ಗಿಡದ ಹೂವಿನ ತುದಿ ಗಾಂಜಾ, ಅಂಟು ಚರಸ್, ಇವೆರಡೂ ಅಪರಾಧ. ಗಾಂಜಾ 1 ಕಿಲೋವರೆಗೆ ಸಣ್ಣ ಪ್ರಮಾಣ. ಅದಕ್ಕೆ 1 ವರ್ಷದವರೆಗೆ ಜೈಲು, ಇಲ್ಲವೇ 10 ಸಾವಿರದವರೆಗೆ ದಂಡ, ಅಥವಾ ಎರಡೂ. 20 ಕಿಲೋ ದಾಟಿದರೆ ಕಡಿಮೆ ಅಂದರೂ 10 ವರ್ಷ. ಗಿಡ ಬೆಳೆಸಿದ್ದಕ್ಕೆ 10 ವರ್ಷದವರೆಗೆ ಆಗಬಹುದು. ಕಬ್ಬಿನ ನಡುವೆ, ಹತ್ತಿ ಸಾಲಿನ ನಡುವೆ ಗಿಡ ಹಾಕಿ ಸಿಕ್ಕಿಬಿದ್ದ ರೈತರನ್ನು ಕೋರ್ಟಿನಲ್ಲಿ ನೋಡುತ್ತಲೇ ಇದ್ದೇನೆ. ಬೀಜ ಕೊಟ್ಟು ಬೆಳೆಸಲು ಹೇಳಿದವನು ಸಿಗುವುದಿಲ್ಲ. ಹೊಲದ ಉತಾರ ಯಾರ ಹೆಸರಲ್ಲಿದೆಯೋ ಅವನು ಕಟಕಟೆಯಲ್ಲಿ ನಿಂತಿರುತ್ತಾನೆ, ಹೆಂಡತಿ ಮಕ್ಕಳು ಹೊರಗೆ ಬೇವಿನ ಮರದ ಕೆಳಗೆ ಕೂತಿರುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಸೇದುವವನನ್ನು ಅಪರಾಧಿ ಮಾಡುವುದು ನಿಲ್ಲಬೇಕು, ಮಾರಾಟಕ್ಕೆ ಮಾತ್ರ ಬಿಡಬಾರದು. ಪೋರ್ಚುಗಲ್ 2001ರಿಂದ ಹೀಗೇ ಮಾಡುತ್ತಿದೆ. ಸ್ವಂತಕ್ಕೆ ಸ್ವಲ್ಪ ಇಟ್ಟುಕೊಂಡು ಸಿಕ್ಕಿದವನನ್ನು ಕ್ರಿಮಿನಲ್ ಕೋರ್ಟಿಗೆ ಎಳೆಯದೆ ಒಂದು ಸಮಿತಿಯ ಮುಂದೆ ಕೂರಿಸುತ್ತಾರೆ, ಚಟ ಇದ್ದರೆ ಚಿಕಿತ್ಸೆಗೆ ಕಳಿಸುತ್ತಾರೆ. ಕೆನಡಾದ ಹಾದಿ ಬೇರೆ, ಇದು ಬೇರೆ. ಎರಡನ್ನೂ ಬೆರೆಸಿಯೇ ಹುಡುಗರು ವಾದ ಮಾಡುತ್ತಾರೆ.

ಸಿಂದಗಿ ಅವ್ವ:
ತಂಗಿ, ನಾನು ಓದಿದ್ದು ಏಳನೇ ಇಯತ್ತೆ. ಮಗಳಿಗೆ ಹೇಳಿ ಟೈಪ್ ಮಾಡಿಸುತ್ತಿದ್ದೇನೆ. ಕಾನೂನು ನನಗೆ ತಿಳಿಯುವುದಿಲ್ಲ, ಆದರೆ ಮತ್ತೊಂದು ಅಂಗಡಿ ಮಾತ್ರ ತೆರೆಯುವುದು ಬೇಡ. 2007ರ ಜುಲೈನಲ್ಲಿ ಸಾರಾಯಿ ಬಂದ್ ಆದಾಗ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಹೋಳಿಗೆ ಮಾಡಿ ಹಂಚಿದ್ದೆವು. ಆಮೇಲೆ ಏನಾಯಿತು? ಪಾಕೀಟು ಹೋಗಿ ಅಗ್ಗದ ಬಾಟಲಿ ಬಂತು, ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಚಹಾಪುಡಿಯ ಹಿಂದೆ ಬಚ್ಚಿಟ್ಟು ಮಾರತೊಡಗಿದರು, ಮೊದಲು ಸಂಜೆ ಕುಡಿಯುತ್ತಿದ್ದವರು ಬೆಳಿಗ್ಗೆಯೇ ಶುರು ಮಾಡಿದರು. 2019ರಲ್ಲಿ ಮದ್ಯ ಬೇಡ ಅಂತ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡು ಹೋದರು. ಕಾಲಿಗೆ ಬೊಬ್ಬೆ ಬಂದಿದ್ದೇ ಬಂತು, ಅಂಗಡಿ ಮುಚ್ಚಲಿಲ್ಲ. ತೆರಿಗೆಯ ರುಚಿ ಹತ್ತಿದ ಮೇಲೆ ಯಾವ ಸರ್ಕಾರವೂ ಬಾಗಿಲು ಹಾಕುವುದಿಲ್ಲ ತಂಗಿ.

ಕುಡುಕನ ಮನೆಯಲ್ಲಿ ಮೊದಲು ಹೋಗುವುದು ಕೂಲಿ ದುಡ್ಡು, ಆಮೇಲೆ ಕಿವಿಯಲ್ಲಿನ ಬೆಂಡೋಲೆ, ಆಮೇಲೆ ಹುಡುಗಿಯ ಶಾಲೆ. ಗಾಂಜಾ ಶೆರೆಗಿಂತ ಮೆತ್ತಗೆ ಅಂತ ನಿನ್ನ ತಮ್ಮ ಹೇಳಿದರೆ ಹೇಳಲಿ. ಒಂದು ಹೊರೆಯೇ ನಮಗೆ ಹೊರಲಾಗುತ್ತಿಲ್ಲ.

ಮಾನಸಿಕ ವಾರ್ಡ್ ನರ್ಸ್, ಬೆಳಗಾವಿ:
ಸಿಂದಗಿ ಅವ್ವಾರೇ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ದೆಹಲಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಏಮ್ಸ್‌ನವರು 2019ರಲ್ಲಿ ಕೊಟ್ಟ ಸಮೀಕ್ಷೆಯಲ್ಲಿ ದೇಶದ ಜನರಲ್ಲಿ ಮದ್ಯ ಕುಡಿಯುವವರು ಶೇ. 14.6, ಭಂಗಿ ಗಾಂಜಾ ಚರಸ್ ಎಲ್ಲ ಸೇರಿ ಶೇ. 2.8. ಈ ವ್ಯತ್ಯಾಸಕ್ಕೆ ಒಂದು ಕಾರಣ ಅಂಗಡಿ ಎಂದೇ ನನಗೂ ಅನಿಸುತ್ತದೆ.

ಅಕ್ಕಾರೇ, ಗಾಂಜಾದಿಂದ ಯಾರೂ ಸಾಯಲ್ಲ ಅನ್ನುವ ಮಾತು ನಾನು ದಿನಾ ಕೇಳುತ್ತೇನೆ. ಶೆರೆಯ ಹಾಗೆ ಲಿವರ್ ಸುಡುವುದಿಲ್ಲ, ನಿಜ. ಆದರೆ ಸೇದುವ 10 ಜನರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ ಚಟ ಹಿಡಿಯುತ್ತದೆ, ಹದಿಹರೆಯದಲ್ಲಿ ಶುರು ಮಾಡಿದರೆ 6ರಲ್ಲಿ ಒಬ್ಬರಿಗೆ. ಮಿದುಳು 25ರ ಸುಮಾರಿನವರೆಗೆ ಬೆಳೆಯುತ್ತಲೇ ಇರುತ್ತದೆ. ನಮ್ಮ ವಾರ್ಡಿಗೆ ಬರುವ ಹುಡುಗರಲ್ಲಿ ಕೆಲವರಿಗೆ ಯಾರೋ ಬೆನ್ನು ಹತ್ತಿದ್ದಾರೆ ಅನ್ನುವ ಅನುಮಾನ, ಕಿವಿಯಲ್ಲಿ ಮಾತು ಕೇಳಿಸುವುದು. ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದರೆ ಈ ಅಪಾಯ ಜಾಸ್ತಿ, ಅದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಬಹಳ ಜನ ತಂಬಾಕು ಬೆರೆಸಿ ಸೇದುವುದರಿಂದ ಬಿಡುವಾಗ ಎರಡು ಚಟ ಬಿಡಬೇಕಾಗುತ್ತದೆ. ಮೊದಲ ಎರಡು ವಾರ ನಿದ್ದೆ ಬರಲ್ಲ, ಊಟ ಸೇರಲ್ಲ, ಸಿಟ್ಟು ಬರುತ್ತದೆ. ಆಗ ಜಗಳ ಮಾಡಬೇಡಿ.

14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ಆಗಿಬರುತ್ತದೆ, ಸರ್ಕಾರದ್ದೇ. ಗೊತ್ತಿಲ್ಲದ ಖಾಸಗಿ ಕೇಂದ್ರಕ್ಕೆ ಅವಸರದಲ್ಲಿ ಹಾಕಬೇಡಿ, ಕಟ್ಟಿಹಾಕಿ ಹೊಡೆಯುವ ಕಡೆಯಿಂದ ಓಡಿಬಂದ ಹುಡುಗರನ್ನೂ ನೋಡಿದ್ದೇನೆ.

ಬಾಗಲಕೋಟೆ ಹುಡುಗ:
ನಾನು ಸಿಕ್ಕಿಬಿದ್ದವನು. ಜೇಬಿನಲ್ಲಿ ಸಣ್ಣ ಪೊಟ್ಟಣ ಇತ್ತು. ದಂಡ ಕಟ್ಟಿ ಕೇಸ್ ಮುಗಿಯಿತು, ಆದರೆ ಪೇಪರಿನಲ್ಲಿ ಹೆಸರು ಬಂತು, ಆ ವಾರವೇ ತಂಗಿಗೆ ಬಂದಿದ್ದ ಸಂಬಂಧ ಮುರಿಯಿತು. ನಾಲ್ಕು ವರ್ಷ ಆಯಿತು, ನಾನು ಸೇದುವುದನ್ನು ಬಿಟ್ಟೆ. ಕೆಲಸಕ್ಕೆ ಅರ್ಜಿ ಹಾಕಿದಾಗೆಲ್ಲ ಪೊಲೀಸ್ ವೆರಿಫಿಕೇಶನ್ ಅಂದರೆ ಇನ್ನೂ ಎದೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ವಕೀಲ ಸರ್ ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ, ವಯಸ್ಸಿನ ಮಿತಿ ಹಾಕಿ ಸರ್ಕಾರವೇ ಕೊಡಲಿ. ನನಗೆ ಪೊಟ್ಟಣ ಕೊಡುತ್ತಿದ್ದವನು ವಯಸ್ಸು ಕೇಳಲಿಲ್ಲ, ಮುಂದೆ ನಶೆಯ ಮಾತ್ರೆ ಬೇಕಾ ಅಂತಲೂ ಕೇಳಿದ್ದ.

ವಿಜಯಪುರ ವಕೀಲ:
ತಮ್ಮಾ, ನಿನ್ನ ನೋವು ಅರ್ಥವಾಗುತ್ತದೆ. ಆದರೆ ಥೈಲ್ಯಾಂಡ್ ನೋಡು, 2022ರಲ್ಲಿ ನಿಯಮ ಸರಿಯಾಗಿ ಮಾಡದೆ ಗಾಂಜಾ ಮಾರಾಟಕ್ಕೆ ಬಿಟ್ಟರು, ಊರ ತುಂಬಾ ಅಂಗಡಿ ಆದವು, 2025ರಲ್ಲಿ ಡಾಕ್ಟರ್ ಚೀಟಿ ಬೇಕು ಅಂತ ಮತ್ತೆ ಬಿಗಿ ಮಾಡಿದರು. ಇಲ್ಲಿ 21 ತುಂಬದವರಿಗೆ ಸಿಗರೇಟು, ತಂಬಾಕು ಮಾರಬಾರದು ಅನ್ನುವ ನಿಯಮವನ್ನೇ ನಡೆಸಲಾಗಿಲ್ಲ.

ಜಮಖಂಡಿ ಅಕ್ಕ:
ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ತಮ್ಮನಿಗೆ ಈ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಬಾಗಲಕೋಟೆ ತಮ್ಮ ಬರೆದಿದ್ದನ್ನು ಎರಡು ಸಲ ಓದಿಸಿದ. ಕಾನೂನಿನ ವಿಷಯದಲ್ಲಿ ಅವನು ಮಾತು ಬದಲಿಸಿಲ್ಲ, ಆದರೆ 64ಎ ಕೇಳಿದ ಮೇಲೆ ಆಸ್ಪತ್ರೆಗೆ ಬರುತ್ತೇನೆ ಅಂದ. ಅವನಿಗೂ ಅದೇ ಹೆದರಿಕೆ ಇತ್ತಂತೆ. ಬೆಳಿಗ್ಗೆ ಅಪ್ಪನಿಗೂ ಹೇಳಿದೆ. ಎಷ್ಟು ದಿನ ಇರಬೇಕಾಗುತ್ತದೆ ಅಂತ ಮಾತ್ರ ಕೇಳಿದರು. ಮಂಗಳವಾರ ಬೆಳಗಿನ ಧಾರವಾಡ ಬಸ್ಸಿಗೆ ಮೂವರೂ ಹೊರಡುತ್ತೇವೆ. ಅವತ್ತು ಕಬ್ಬು ಕಡಿಯಲು ಬರಬೇಕಿದ್ದ ಗ್ಯಾಂಗಿಗೆ ಅಪ್ಪ ಫೋನ್ ಮಾಡಿ, ಮುಂದಿನ ವಾರ ಬನ್ನಿ ಅಂತ ಹೇಳಿದ್ದಾರೆ.